ರಾಜೀನಾಮೆ ಕೊಟ್ಟ ಪೊಲೀಸ್ ಅಧಿಕಾರಿ ಮರಳಿ ಸೇವೆಗೆ ಬರಬಹುದೇ?

ಪೊಲೀಸ್ ಅಧಿಕಾರಿಯೊಬ್ಬರು ರಾಜೀನಾಮೆ ನೀಡಿದ ಸುದ್ದಿ ಹೊರಬಿದ್ದ ಬೆನ್ನಲ್ಲೇ, ಮನಸ್ಸು ಬದಲಿಸಿದರೆ ಅವರು ಮತ್ತೆ ಖಾಕಿ ತೊಡಬಹುದೇ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರ ಒಂದೇ ಸಂಗತಿಯನ್ನು ಅವಲಂಬಿಸಿದೆ: ರಾಜೀನಾಮೆ ಅಂಗೀಕಾರವಾಗಿದೆಯೇ, ಇಲ್ಲವೇ?

ಐಪಿಎಸ್ ಅಧಿಕಾರಿಯ ರಾಜೀನಾಮೆ ಪತ್ರ ರಾಜ್ಯ ಸರ್ಕಾರದ ಮೂಲಕ ಕೇಂದ್ರ ಗೃಹ ಸಚಿವಾಲಯವನ್ನು ತಲುಪುತ್ತದೆ. ಸರ್ಕಾರಕ್ಕೆ ಸಲ್ಲಬೇಕಾದ ಬಾಕಿ, ಇಲಾಖಾ ವಿಚಾರಣೆ ಮುಂತಾದವುಗಳನ್ನು ಪರಿಶೀಲಿಸಿದ ಬಳಿಕವೇ ತೀರ್ಮಾನ ಹೊರಬೀಳುತ್ತದೆ. ಅದಕ್ಕೆ ಮುನ್ನ ಅಧಿಕಾರಿ ಲಿಖಿತವಾಗಿ ಹಿಂದೆಗೆದುಕೊಂಡರೆ ರಾಜೀನಾಮೆ ತಾನಾಗಿಯೇ ಇಲ್ಲವಾಗುತ್ತದೆ. ಐಎಎಸ್‌ಗೂ ಇದೇ ನಿಯಮ. 2019ರ ಜನವರಿಯಲ್ಲಿ ರಾಜೀನಾಮೆ ನೀಡಿ ರಾಜಕೀಯ ಪಕ್ಷವನ್ನೇ ಕಟ್ಟಿದ್ದ ಕಾಶ್ಮೀರದ ಶಾ ಫೈಸಲ್ 2022ರಲ್ಲಿ ಸೇವೆಗೆ ಮರಳಿದರು. ಅವರ ರಾಜೀನಾಮೆ ಅಂಗೀಕಾರವೇ ಆಗಿರಲಿಲ್ಲ!

ಅಂಗೀಕಾರದ ನಂತರದ ಹಾದಿ ಬಹಳ ಕಿರಿದು. ಅಖಿಲ ಭಾರತ ಸೇವೆಗಳ ನಿವೃತ್ತಿ ಸೌಲಭ್ಯಗಳಿಗೆ ಸಂಬಂಧಿಸಿದ 1958ರ ನಿಯಮಾವಳಿಯ 5ನೇ ನಿಯಮದ ಪ್ರಕಾರ, ಸಾರ್ವಜನಿಕ ಹಿತದೃಷ್ಟಿಯಿಂದ ಮಾತ್ರ ಕೇಂದ್ರವು ಅನುಮತಿ ನೀಡಬಹುದು. ರಾಜೀನಾಮೆಗೆ ಅಧಿಕಾರಿಯ ಪ್ರಾಮಾಣಿಕತೆ, ದಕ್ಷತೆ, ನಡತೆಗೆ ಕಳಂಕ ತರದ ಬಲವಾದ ಕಾರಣವಿರಬೇಕು; ಆ ಪರಿಸ್ಥಿತಿ ಈಗ ಬದಲಾಗಿರಬೇಕು; ಹುದ್ದೆಯೂ ಲಭ್ಯವಿರಬೇಕು. ಗೈರುಹಾಜರಿ 90 ದಿನಗಳನ್ನು ಮೀರುವಂತಿಲ್ಲ. ಈ ಗಡುವಿನಲ್ಲೇ ನಿಜವಾದ ತೊಡಕಿದೆ. ದಿನಗಳ ಎಣಿಕೆ ಅರ್ಜಿ ಸಲ್ಲಿಸಿದ ದಿನಕ್ಕೆ ನಿಲ್ಲುವುದಿಲ್ಲ, ಕರ್ತವ್ಯಕ್ಕೆ ಹಾಜರಾಗಲು ಅನುಮತಿ ದೊರೆತ ದಿನದವರೆಗೂ ಸಾಗುತ್ತದೆ. ಕಡತ ಮೇಜಿನಿಂದ ಮೇಜಿಗೆ ಚಲಿಸುವ ವಿಳಂಬವೂ ಅಧಿಕಾರಿಯ ಲೆಕ್ಕಕ್ಕೇ ಸೇರುತ್ತದೆ. ಅನುಮತಿ ಸಿಕ್ಕರೂ ನಡುವಿನ ಅವಧಿ ಪಿಂಚಣಿಗೆ ಅರ್ಹ ಸೇವೆಯಾಗದು. ಖಾಸಗಿ ಕಂಪನಿ ಸೇರಲೆಂದೋ, ರಾಜಕೀಯ ಪಕ್ಷ ಅಥವಾ ಚುನಾವಣಾ ಚಟುವಟಿಕೆಗೆಂದೋ ಹೊರನಡೆದವರ ಕೋರಿಕೆಯನ್ನಂತೂ ಪುರಸ್ಕರಿಸುವಂತೆಯೇ ಇಲ್ಲ.

ಅಂಗೀಕಾರದ ಆದೇಶ ಕೈಸೇರಿರಲಿಲ್ಲ ಎಂಬ ವಾದವೂ ನಿಲ್ಲುವುದು ಕಷ್ಟ. ರಾಜಸ್ಥಾನದ ಐಎಎಸ್ ಅಧಿಕಾರಿ ರಾಜ್‌ಕುಮಾರ್ ಅವರ ರಾಜೀನಾಮೆ ದೆಹಲಿಯಲ್ಲಿ ಅಂಗೀಕಾರವಾಗಿದ್ದರೂ ಆದೇಶ ಅವರಿಗೆ ತಲುಪಿರಲಿಲ್ಲ. ಅಷ್ಟರಲ್ಲಿ ಅವರು ಅದನ್ನು ಹಿಂದೆಗೆದುಕೊಳ್ಳಲು ಪತ್ರ ಬರೆದರು. ಅಂಗೀಕಾರದೊಂದಿಗೇ ಸೇವೆ ಕೊನೆಗೊಂಡಿತೆಂದು 1968ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಸ್ವಯಂನಿವೃತ್ತಿಯನ್ನು ರಾಜೀನಾಮೆಯೊಂದಿಗೆ ಬೆರೆಸುವುದು ಸುದ್ದಿಗಳಲ್ಲಿ ಸಾಮಾನ್ಯ. ಎರಡೂ ಒಂದಲ್ಲ. ನಿಗದಿತ ವರ್ಷಗಳ ಸೇವೆ ಪೂರೈಸಿ ಸ್ವಯಂನಿವೃತ್ತಿ ಪಡೆದವರಿಗೆ ಪಿಂಚಣಿ ಉಂಟು. ರಾಜೀನಾಮೆ ನೀಡಿದವರ ಹಿಂದಿನ ಸೇವೆ ಸಾಮಾನ್ಯವಾಗಿ ನಷ್ಟವಾಗುತ್ತದೆ. 2025ರಲ್ಲಿ ಬೆಳಗಾವಿಯ ಸಮಾವೇಶವೊಂದರ ವೇದಿಕೆಯಲ್ಲಿ ಮುಖ್ಯಮಂತ್ರಿ ಕೈ ಎತ್ತಿದ ಘಟನೆಯ ನಂತರ ಧಾರವಾಡದ ಹೆಚ್ಚುವರಿ ಎಸ್ಪಿ ನಾರಾಯಣ ಭರಮನಿ ಕೋರಿದ್ದು ಸ್ವಯಂನಿವೃತ್ತಿಯನ್ನು. ಬಳಿಕ ಅವರು ಬೆಳಗಾವಿ ಡಿಸಿಪಿಯಾಗಿ ಸೇವೆಯಲ್ಲಿ ಮುಂದುವರಿದರು.

ಡಿವೈಎಸ್ಪಿಯಿಂದ ಕಾನ್‌ಸ್ಟೆಬಲ್‌ವರೆಗಿನ ರಾಜ್ಯ ಸೇವೆಯ ಸಿಬ್ಬಂದಿಗೆ ಕೇಂದ್ರದ ಈ ನಿಯಮಾವಳಿ ಅನ್ವಯಿಸದು. ಅವರಿಗೆ ರಾಜ್ಯದ ಸೇವಾ ನಿಯಮಗಳಿವೆ. ಕೂಡ್ಲಿಗಿಯ ಡಿವೈಎಸ್ಪಿ ಅನುಪಮಾ ಶೆಣೈ 2016ರಲ್ಲಿ ನೀಡಿದ ರಾಜೀನಾಮೆಯನ್ನು ಅಂಗೀಕರಿಸಿದ್ದು ರಾಜ್ಯ ಸರ್ಕಾರ. ಕಾನ್‌ಸ್ಟೆಬಲ್ ಒಬ್ಬರು ಇಲಾಖೆಯ ಅನುಮತಿ ಪಡೆದು ಪರೀಕ್ಷೆ ಬರೆದು, ಪಿಎಸ್ಐ ಅಥವಾ ಬೇರೆ ಸರ್ಕಾರಿ ಹುದ್ದೆಗೆ ಸೇರಲು ರಾಜೀನಾಮೆ ನೀಡಿದರೆ ಹಿಂದಿನ ಸೇವೆ ನಷ್ಟವಾಗದು. ಅನುಮತಿಯಿಲ್ಲದೆ ಬಿಟ್ಟುಹೋದವರು ಮರಳಬೇಕೆಂದರೆ ವಯೋಮಿತಿಯೊಳಗೆ ಹೊಸದಾಗಿ ಅರ್ಜಿ ಸಲ್ಲಿಸಿ, ಲಿಖಿತ ಹಾಗೂ ದೈಹಿಕ ಪರೀಕ್ಷೆಗಳನ್ನು ಇತರ ಅಭ್ಯರ್ಥಿಗಳಂತೆಯೇ ಎದುರಿಸಬೇಕಾಗುತ್ತದೆ.