ರಸ್ತೆ ಬಿಟ್ಟು ಬಯಲಿಗಿಳಿದ ಬೈಕು

ಮಾರ್ಲನ್ ಬ್ರಾಂಡೊ ಬೈಕ್ ಗುಂಪಿನ ನಾಯಕನಾಗಿ ನಟಿಸಿದ 'ದಿ ವೈಲ್ಡ್ ಒನ್' ಚಿತ್ರಕ್ಕೆ ಬ್ರಿಟನ್ನಿನ ಸೆನ್ಸಾರ್ ಮಂಡಳಿ 1954ರಲ್ಲಿ ಅನುಮತಿ ನಿರಾಕರಿಸಿತು. ವಯಸ್ಕರು ನೋಡುವುದಕ್ಕೂ 1967ರವರೆಗೆ ಮಂಡಳಿಯ ಒಪ್ಪಿಗೆ ಸಿಗಲಿಲ್ಲ. ಅದೇ ದೇಶದಲ್ಲಿ, 1970ರಲ್ಲಿ, ಚಿಲ್ಡ್ರನ್ಸ್ ಫಿಲ್ಮ್ ಫೌಂಡೇಶನ್ ಮೋಟಾರ್ ಸೈಕಲ್ ಸ್ಪರ್ಧೆಯನ್ನೇ ವಸ್ತುವಾಗಿಸಿಕೊಂಡ 'ಸ್ಕ್ರಾಂಬಲ್' ಎಂಬ ಸಾಹಸಚಿತ್ರವನ್ನು ಮಕ್ಕಳಿಗಾಗಿಯೇ ತಯಾರಿಸಿತು. ಅರವತ್ತರ ದಶಕದಲ್ಲಿ ಸಮಾಜವೇ ಸಡಿಲಗೊಂಡಿದ್ದರಿಂದ ಇದು ಸಾಧ್ಯವಾಯಿತು ಎನ್ನುವುದು ಸುಲಭದ ವಿವರಣೆ. ಆದರೆ ಕ್ಲಾಕ್ಟನ್, ಬ್ರೈಟನ್ ಕಡಲತೀರಗಳಲ್ಲಿ ಸ್ಕೂಟರ್ ಪ್ರಿಯ ಮಾಡ್ಸ್ ಮತ್ತು ಬೈಕ್ ಪ್ರಿಯ ರಾಕರ್ಸ್ ಎಂಬ ಯುವಕರ ಗುಂಪುಗಳು ಹೊಡೆದಾಡಿ, ಬೈಕ್ ಹುಡುಗರೆಂದರೆ ಪತ್ರಿಕೆಗಳು ಬೆಚ್ಚಿಬೀಳುವಂತಾದದ್ದು 1964ರಲ್ಲಿ. ಭಯವೇನೂ ಕರಗಿರಲಿಲ್ಲ. ಬೈಕಿಗೆ ರಸ್ತೆಯಾಚೆ ಮರ್ಯಾದೆಯ ಇನ್ನೊಂದು ಜಾಗ ಸಿಕ್ಕಿತ್ತು, ಅಷ್ಟೆ.

ಆ ಜಾಗ ಹಳೆಯದೇ. 1924ರಲ್ಲಿ ಸರ್ರೆಯ ಕ್ಯಾಂಬರ್ಲಿಯಲ್ಲಿ ನಡೆದ ಗುಡ್ಡಗಾಡು ಓಟದಿಂದ ಸ್ಕ್ರಾಂಬ್ಲಿಂಗ್ ಎಂಬ ಈ ಬಯಲು ಬೈಕ್ ಓಟದ ಇತಿಹಾಸವನ್ನು ಎಣಿಸುತ್ತಾರೆ. ಅರವತ್ತರ ದಶಕದ ಚಳಿಗಾಲದ ಶನಿವಾರಗಳಂದು ಬಿಬಿಸಿಯ 'ಗ್ರ್ಯಾಂಡ್‌ಸ್ಟ್ಯಾಂಡ್' ಅದನ್ನು ಮನೆಮನೆಗೆ ತಲುಪಿಸಿತು. ಸಾಲಾಗಿ ನಿಂತ ಸವಾರರು ಒಮ್ಮೆಲೇ ನುಗ್ಗುತ್ತಾರೆ. ಸೀಟಿನಿಂದೆದ್ದು ಫುಟ್‌ರೆಸ್ಟ್ ಮೇಲೆ ಮೊಣಕಾಲು ಬಗ್ಗಿಸಿ ನಿಂತು ದಿಬ್ಬ ಹಾರುತ್ತಾರೆ. ಮುಂದಿನವನ ಚಕ್ರ ಎರಚಿದ ಕೆಸರು ಹಿಂದಿನವನ ಗಾಗಲ್ಸ್ ಮುಚ್ಚುತ್ತದೆ. ರಾಕರ್ಸ್ ಹುಡುಗರ ಮೆಚ್ಚಿನ ಬಿಎಸ್‌ಎ ಕಂಪನಿಯ ಬೈಕಿನಲ್ಲೇ ಜೆಫ್ ಸ್ಮಿತ್ 1964 ಮತ್ತು 1965ರಲ್ಲಿ ವಿಶ್ವ ಚಾಂಪಿಯನ್ ಆದರು. ಓಟ ನಡೆಯುತ್ತಿದ್ದದ್ದು ಖಾಸಗಿ ಜಮೀನಿನಲ್ಲಿ. ಹಾಗಾಗಿ ರಸ್ತೆಯಲ್ಲಿ ಬೈಕ್ ಓಡಿಸುವ ವಯಸ್ಸಾಗದ ಹುಡುಗನಿಗೂ ಅಲ್ಲಿ ಅವಕಾಶವಿತ್ತು. ಮಕ್ಕಳ ಚಿತ್ರಕ್ಕೆ ಬೇಕಾದದ್ದೂ ಅದೇ ಅಲ್ಲವೇ?

ಇಂಥ ಮಕ್ಕಳ ಚಿತ್ರವೆಲ್ಲ ಹಿರಿಯರ ನೀತಿಬೋಧೆ, ಪುಂಡರನ್ನು ಪಳಗಿಸುವ ಹಂಚಿಕೆ ಎಂದು ಆಕ್ಷೇಪಿಸಬಹುದು. ಚಿಲ್ಡ್ರನ್ಸ್ ಫಿಲ್ಮ್ ಫೌಂಡೇಶನ್ ಸಂಸ್ಥೆಗೆ ಹಣ ಬರುತ್ತಿದ್ದದ್ದು ಸಿನಿಮಾ ಟಿಕೆಟ್ಟಿನ ಮೇಲಿನ 'ಈಡಿ ಲೆವಿ' ಎಂಬ ಸುಂಕದಿಂದ. ಅದಕ್ಕೆ ಹೆಸರು ಕೊಟ್ಟ ಖಜಾನೆ ಅಧಿಕಾರಿ ವಿಲ್ಫ್ರಿಡ್ ಈಡಿಯವರ ಮಗ ಡೇವಿಡ್ ಈಡಿಯೇ 'ಸ್ಕ್ರಾಂಬಲ್' ನಿರ್ದೇಶಕರು. ನೀತಿಯ ನೆರಳು ಇದ್ದೇ ಇತ್ತು, ನಿಜ. ಆದರೆ ಆಟವನ್ನು ಹುಟ್ಟಿಸಿದ್ದು ಸಂಸ್ಥೆಯಲ್ಲ. ಯುದ್ಧದಲ್ಲಿ ಬಾಂಬ್ ಬಿದ್ದ ಖಾಲಿ ನಿವೇಶನಗಳಲ್ಲಿ ಮಕ್ಕಳು ಹಳೆಯ ಸೈಕಲ್ಲುಗಳಲ್ಲಿ ಸ್ಪೀಡ್‌ವೇ ಎಂಬ ಟ್ರ್ಯಾಕ್ ಓಟ ಆಡತೊಡಗಿದ ಮೇಲೆ ಬಂದದ್ದು 1953ರ 'ಸ್ಕಿಡ್ ಕಿಡ್ಸ್'. ಪುಟ್ಟ ಕಾರುಗಳ ಓಟವಾದ ಕಾರ್ಟಿಂಗ್ ಜನಪ್ರಿಯವಾದ ಮೇಲೆ 1964ರಲ್ಲಿ 'ಗೋ ಕಾರ್ಟ್ ಗೋ' ಬಂತು. ಮಕ್ಕಳು ಮುಂದೆ ಹೋದರು, ಕ್ಯಾಮೆರಾ ಹಿಂಬಾಲಿಸಿತು; 'ಸ್ಕ್ರಾಂಬಲ್' ಅದೇ ಸಾಲಿನದು. ಇಂಥ ಚಿತ್ರಗಳನ್ನು ಪೋಷಿಸಿದ ಲೆವಿಯನ್ನು ಬ್ರಿಟಿಷ್ ಸರ್ಕಾರ 1985ರಲ್ಲಿ ರದ್ದು ಮಾಡಿತು.