ಹುಲಿಯನ್ನು ಕಟ್ಟುವ ವಿದ್ಯೆ: ಕೋಟೆಗಳ ಸೀಮೆಯಲ್ಲಿ ಯುದ್ಧದಾಟದ ಚರಿತ್ರೆ

ಮಧುಗಿರಿ ಬೆಟ್ಟಕ್ಕೆ ಕೋಟೆ ಬಂದದ್ದು ಒಂದು ಕುರಿಯ ದೆಸೆಯಿಂದ ಎಂಬ ಐತಿಹ್ಯವಿದೆ. ಮೇಯಲು ಹೋದ ಕುರಿಯೊಂದು ಸಂಜೆ ಹಿಂದಿರುಗಲಿಲ್ಲ. ಮರುದಿನ ಬಂದಾಗ ಅದರ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೋಳು ಬಂಡೆಯಂತೆ ಕಾಣುವ ಬೆಟ್ಟದಲ್ಲಿ ನೀರಿನ ಸೆಲೆಯಿದೆ ಎಂದು ಪಾಳೆಯಗಾರ ರಾಜಾ ಹಿರೇಗೌಡನಿಗೆ ತಿಳಿದದ್ದು ಹಾಗಂತೆ. ಅವನು ಕಟ್ಟಿಸಿದ್ದು ಮಣ್ಣಿನ ಕೋಟೆ. ಮುಂದೆ ಹೈದರಾಲಿಯ ಕಾಲದಲ್ಲಿ ಅದು ಇನ್ನಷ್ಟು ಭದ್ರವಾಯಿತು. ಕತೆಯನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಅದರೊಳಗಿನ ಲೆಕ್ಕಾಚಾರ ಮಾತ್ರ ಸುಳ್ಳಲ್ಲ. ಸಮುದ್ರಮಟ್ಟದಿಂದ 3,930 ಅಡಿ ಎತ್ತರದ ಬೆಟ್ಟವೇ ಆಗಲಿ, ಮೇಲೆ ನೀರಿಲ್ಲದಿದ್ದರೆ ಅದನ್ನು ನಾಲ್ಕು ದಿನ ಹಿಡಿದು ನಿಲ್ಲುವುದೂ ಕಷ್ಟ.

ಇಂದು ಕಂಪ್ಯೂಟರಿನಲ್ಲಿ ಯುದ್ಧದಾಟ ಆಡುವವರು ಹಾಕುವುದೂ ಇದೇ ಲೆಕ್ಕ. ಎಷ್ಟು ಸೈನಿಕರಿದ್ದಾರೆ ಎನ್ನುವುದಕ್ಕಿಂತ ಅವರಿಗೆ ನೀರು, ಅಕ್ಕಿ, ಮದ್ದುಗುಂಡು ಯಾವ ದಾರಿಯಿಂದ ಬರುತ್ತದೆ, ಆ ದಾರಿಯನ್ನು ಎಲ್ಲಿ ಮುಚ್ಚಬಹುದು ಎಂಬುದರ ಮೇಲೆ ಆಟ ನಿಲ್ಲುತ್ತದೆ. ಬೇರೆ ಬೇರೆ ದೇಶಗಳ ಆಟಗಾರರು ಇಂಟರ್‌ನೆಟ್ಟಿನಲ್ಲಿ ಗುಂಪು ಕಟ್ಟಿಕೊಂಡು, ಒಬ್ಬರ ನಡೆಯನ್ನು ಇನ್ನೊಬ್ಬರು ವಿಮರ್ಶಿಸುತ್ತ ಈ ವಿದ್ಯೆಯನ್ನು ಬೆಳೆಸಿದ್ದಾರೆ. ಇದನ್ನು ಹೊಸ ಕಾಲದ ಹುಡುಗರ ಹುಚ್ಚು ಎಂದು ತಳ್ಳಿಹಾಕುವವರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಚರಿತ್ರೆಯನ್ನು ಒಮ್ಮೆ ನೋಡಬೇಕು. ನಿಜವಾದ ಮುತ್ತಿಗೆಗಳೂ ಮುತ್ತಿಗೆಯ ಆಟವೂ ಜೊತೆಜೊತೆಗೇ ಇದ್ದ ಸೀಮೆ ಇದು.

ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಬೆಟ್ಟ ಕಂಡಲ್ಲೆಲ್ಲ ಕೋಟೆ ಇದೆ ಎಂದರೂ ತಪ್ಪಿಲ್ಲ. ಮಧುಗಿರಿ ತಾಲ್ಲೂಕಿನಲ್ಲೇ ಮಿಡಿಗೇಶಿ ದುರ್ಗವಿದೆ. ಕೊರಟಗೆರೆ ತಾಲ್ಲೂಕಿನಲ್ಲಿ ಚನ್ನರಾಯನದುರ್ಗ. ಮೂರು ಕಡೆ ಆಂಧ್ರದ ನೆಲ ಸುತ್ತುವರಿದ ಪಾವಗಡದಲ್ಲಿ ಊರ ಮೇಲೆಯೇ ಒಂದು ಬೆಟ್ಟದ ಕೋಟೆ. ಅದೇ ತಾಲ್ಲೂಕಿನ ನಿಡಗಲ್ಲು ಅದಕ್ಕಿಂತ ಹಳೆಯದು, ನಿಡುಗಲ್ಲಿನ ಚೋಳರ ರಾಜಧಾನಿ. ಶಿರಾ ಮಾತ್ರ ಬಯಲಿನ ಊರು. ಅಲ್ಲಿಯ ಕೋಟೆಗೆ ಬೆಟ್ಟದ ಆಸರೆಯಿಲ್ಲ. ಅದರ ಬಲವೆಲ್ಲ ಉತ್ತರದಿಂದ ಬರುವ ದಂಡಿನ ಹಾದಿಯಲ್ಲಿ ಕೂತಿರುವುದರಲ್ಲಿತ್ತು.

ಹಾಗಾಗಿಯೇ ಶಿರಾದ ಮೇಲೆ ಎಲ್ಲರಿಗೂ ಕಣ್ಣು. ರತ್ನಗಿರಿಯ ರಂಗಪ್ಪನಾಯಕ ಕಟ್ಟಿಸತೊಡಗಿದ್ದ ಊರು 1638ರಲ್ಲಿ ಬಿಜಾಪುರದ ರಣದುಲ್ಲಾಖಾನನ ಪಾಲಾಯಿತು. ಆದಿಲ್‌ಶಾಹಿಗಳ ಅಧಿಕಾರಿ ಮಲಿಕ್ ರಿಹಾನನ ಗೋರಿ ಇಂದಿಗೂ ಊರಲ್ಲಿದೆ. 1687ರಲ್ಲಿ ಔರಂಗಜೇಬನ ಸೇನಾನಿ ಕಾಸಿಂಖಾನ್ ಬಂದ. ಮೊಗಲರು ಬೆಂಗಳೂರನ್ನು 3 ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಮಾರಿ, ಶಿರಾವನ್ನು ತಮ್ಮ ದಕ್ಷಿಣದ ಸುಬಾದ ರಾಜಧಾನಿ ಮಾಡಿಕೊಂಡರು. ಬೆಂಗಳೂರು ಮಾರಾಟದ ಸರಕಾಗಿದ್ದ ಹೊತ್ತಿನಲ್ಲಿ ಶಿರಾ ರಾಜಧಾನಿಯಾಗಿತ್ತು.

ಆ ಕಾಸಿಂಖಾನನ ಕೊನೆಯೇ ಮುತ್ತಿಗೆಯ ಪಾಠದಂತಿದೆ. 1695ರಲ್ಲಿ ಮರಾಠ ಸೇನಾಪತಿ ಸಂತಾಜಿ ಘೋರ್ಪಡೆ ಅವನ ದಂಡನ್ನು ಈಗಿನ ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿಯಲ್ಲಿ ಸುತ್ತುವರಿದ. ಬಯಲಿನಲ್ಲಿ ಎದುರಾಬದುರು ನಿಂತು ಹೋರಾಡುವ ಬದಲು ಡೇರೆ, ಸಾಮಾನು ಸರಂಜಾಮು ದೋಚಿ, ಆಹಾರದ ದಾರಿ ಕಡಿದು ಕಾದು ಕೂತ. ದೊಡ್ಡೇರಿಯ ಸಣ್ಣ ಕೋಟೆಯೊಳಗೆ ಸಿಕ್ಕಿಬಿದ್ದ ಮೊಗಲ್ ಸೈನ್ಯ ಹಸಿವಿನಿಂದ ಕಂಗೆಟ್ಟಿತು. ಕಾಸಿಂಖಾನ್ ಅಲ್ಲಿಯೇ ಸತ್ತ; ಉಳಿದವರು ಶರಣಾದರು.

ಮುಂದಿನ ಶತಮಾನದಲ್ಲಿ ಕೈ ಬದಲಾಗುವುದು ಇನ್ನೂ ಚುರುಕಾಯಿತು. 1757ರಲ್ಲಿ ಶಿರಾ ಮರಾಠರಿಗೆ ಹೋಯಿತು. 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗನ ಜೊತೆ ಸೇರಿ ಹೈದರ್ ಅದನ್ನು ಗೆದ್ದುಕೊಂಡ, 'ಶಿರಾದ ನವಾಬ' ಎಂಬ ಬಿರುದನ್ನೂ ಪಡೆದ. 1763ರಲ್ಲಿ ಬಿದನೂರನ್ನು ಹಿಡಿದಾಗ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಮಗನನ್ನೂ ಸೆರೆಯಲ್ಲಿಡಲು ಅವನು ಆರಿಸಿಕೊಂಡದ್ದು ಮಧುಗಿರಿ ಬೆಟ್ಟವನ್ನು. 1767ರಲ್ಲಿ ಪೇಶ್ವೆ ಮಾಧವರಾವ್ ಶಿರಾ, ಮಧುಗಿರಿಗಳನ್ನು ಗೆದ್ದು ರಾಣಿಯನ್ನು ಬಿಡಿಸಿದ. 1774ರಲ್ಲಿ ಟಿಪ್ಪು ಎರಡನ್ನೂ ತಂದೆಗಾಗಿ ಮತ್ತೆ ವಶಪಡಿಸಿಕೊಂಡ. ಅದೇ ಟಿಪ್ಪು ಶ್ರೀರಂಗಪಟ್ಟಣದ ಬಳಿ ಶಹರ್ ಗಂಜಾಂ ಕಟ್ಟಿದಾಗ ಅದನ್ನು ತುಂಬಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಲಾಯಿತು ಎಂದು ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಯುದ್ಧವೆಂದರೆ ಜನರಿಗೆ ಏನು ಎಂಬುದು ಆ ಒಂದು ಅಂಕಿಯಲ್ಲಿದೆ.

ಇಂಥ ಸೀಮೆಯಲ್ಲಿ ಅರಳಿಕಟ್ಟೆಯ ಮೇಲೆ ಆಡುತ್ತಿದ್ದ ಆಟ ಯಾವುದು? ಹುಲಿ-ಕುರಿ. ಆಡು-ಹುಲಿ ಎಂದೂ ಕರೆಯುತ್ತಾರೆ. ಪಾವಗಡದ ಕಡೆ ಮನೆಯಲ್ಲಿ ತೆಲುಗು ಆಡುವವರಿಗೆ ಅದು ಪುಲಿ-ಮೇಕ. ಇದ್ದಿಲಿನಲ್ಲೋ ಸುಣ್ಣದ ಕಡ್ಡಿಯಲ್ಲೋ ಕಲ್ಲಿನ ಮೇಲೆ ಒಂದು ತ್ರಿಕೋನ ಬರೆದು, ಅಡ್ಡಗೆರೆ ಎಳೆದು, ಪಕ್ಕದಲ್ಲಿ ಚೌಕ ಜೋಡಿಸಿದರೆ ಮಣೆ ಸಿದ್ಧ. ಹೆಚ್ಚು ಬಳಕೆಯಲ್ಲಿರುವ ಮಣೆಯಲ್ಲಿ ಗೆರೆಗಳು ಕೂಡುವ 23 ಮನೆಗಳು, 3 ಹುಲಿ, 15 ಕುರಿ. ಹುಲಿಗೆ ದಪ್ಪ ಕಲ್ಲು, ಕುರಿಗೆ ಹುಣಸೆಬೀಜ.

ಹುಲಿಗಳು ಮೊದಲೇ ತುದಿಯಲ್ಲಿ ಕೂತಿರುತ್ತವೆ. ಕುರಿಯವನು ಒಂದೊಂದಾಗಿ ಬೀಜ ಇಡುತ್ತ ಬರಬೇಕು. ಹದಿನೈದೂ ಇಟ್ಟು ಮುಗಿಯುವವರೆಗೆ ಇಟ್ಟದ್ದನ್ನು ಸರಿಸುವಂತಿಲ್ಲ. ಹುಲಿಯಾದರೋ ಮೊದಲ ನಡೆಯಿಂದಲೇ ಓಡಾಡಬಹುದು, ಪಕ್ಕದ ಕುರಿಯ ಆಚೆಗಿನ ಮನೆ ಖಾಲಿಯಿದ್ದರೆ ಹಾರಿ ಅದನ್ನು ತಿನ್ನಬಹುದು. ಕುರಿಗೆ ಕೊಲ್ಲುವ ಅಧಿಕಾರವೇ ಇಲ್ಲ. ಅದು ಮಾಡಬಹುದಾದದ್ದು ಒಂದೇ: ಒಂದರ ಹಿಂದೆ ಇನ್ನೊಂದು ನಿಂತು ಹುಲಿಯ ದಾರಿಗಳನ್ನು ಮುಚ್ಚುವುದು. ಮೂರು ಹುಲಿಗೂ ಮಿಸುಕಲು ಜಾಗವಿಲ್ಲದಂತಾದರೆ ಕುರಿಗೆ ಗೆಲುವು.

ಸಂತಾಜಿ ದೊಡ್ಡೇರಿಯಲ್ಲಿ ಮಾಡಿದ್ದು ಇದನ್ನೇ. ಕೋಟೆಯೊಳಗೆ ಕೂತ ಕೆಲವೇ ಬಲಶಾಲಿಗಳು, ಹೊರಗೆ ಸುತ್ತುಗಟ್ಟುವ ಬಹಳ ಮಂದಿ. ಎರಡು ಕಡೆಗೂ ಬೇರೆ ಬಲ, ಬೇರೆ ನಿಯಮ, ಬೇರೆ ಗುರಿ. ಚದುರಂಗದಲ್ಲಿ ಎರಡೂ ಪಡೆ ಸಮಸಮ. ಹುಲಿ-ಕುರಿಯಲ್ಲಿ ಹಾಗಿಲ್ಲ, ಆದ್ದರಿಂದ ಅದು ನಿಜವಾದ ಯುದ್ಧಕ್ಕೆ ಹೆಚ್ಚು ಹತ್ತಿರ. ಇಂದಿನ ಗಂಭೀರ ಯುದ್ಧದಾಟಗಳ ತಿರುಳೂ ಇದೇ ಅಸಮಾನತೆ. ನೇಪಾಳದಲ್ಲಿ ಇದೇ ಜಾತಿಯ ಆಟಕ್ಕೆ 4 ಹುಲಿ, 20 ಆಡು. ಯುರೋಪಿನಲ್ಲಿ ನರಿ ಮತ್ತು ಹೆಬ್ಬಾತುಗಳು. ಹಂಪಿಯ ಮಂಟಪಗಳ ನೆಲಗಲ್ಲಿನ ಮೇಲೆ ಹಳೆಯ ಆಟದ ಮಣೆಗಳ ಗೆರೆಗಳನ್ನು ಇಂದಿಗೂ ಕಾಣಬಹುದು.

ಅರಳಿಕಟ್ಟೆಯ ಆಟ ಎಂದೂ ಇಬ್ಬರದಷ್ಟೇ ಆಗಿರಲಿಲ್ಲ. ಸುತ್ತ ಕುಕ್ಕರುಗಾಲಲ್ಲಿ ಕೂತವರು ಬಾಯಿ ಹಾಕದೆ ಇರುತ್ತಿರಲಿಲ್ಲ. "ಆ ಮೂಲೆ ಬಿಡಬೇಡ ಕಣೋ, ಹಿಂದೆ ಒಂದು ಇಡು" ಎಂದು ಒಬ್ಬರು ಕುರಿಯವನಿಗೆ ಹೇಳಿದರೆ, ಇನ್ನೊಬ್ಬರು ಹುಲಿಯವನ ಕಿವಿಯಲ್ಲಿ ಬೇರೆ ಉಪಾಯ ಹೇಳುವರು. ಆಟ ಮುಗಿದ ಮೇಲೆ ಎಲ್ಲಿ ಕೈತಪ್ಪಿತು ಎಂಬ ಚರ್ಚೆ ಆಟಕ್ಕಿಂತ ಉದ್ದ. ಹುಡುಗರು ಕಲಿಯುತ್ತಿದ್ದುದು ಆ ಚರ್ಚೆಯಿಂದ.

ಇನ್ನು ಚದುರಂಗದ ಕಡೆಗೆ ಬಂದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ' ರಾಜರ ವಿನೋದಗಳ ಸಾಲಿನಲ್ಲಿ ಅದನ್ನು ವಿವರಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಕುದುರೆ ನಡೆಯ ಸಮಸ್ಯೆಗಳನ್ನು ಬಿಡಿಸುತ್ತ, ಹೊಸ ಮಣೆಯಾಟಗಳನ್ನೂ ಗಂಜೀಫಾ ಎಲೆಗಳನ್ನೂ ರೂಪಿಸುತ್ತ ಆಟವನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದರು. ಅವರ 'ಶ್ರೀತತ್ತ್ವನಿಧಿ'ಯಲ್ಲಿ ಕೌತುಕನಿಧಿ ಎಂಬ ಭಾಗವೇ ಇದಕ್ಕೆ ಮೀಸಲು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ನಡೆಸುವ 'ಕ್ರೀಡಾಕೌಶಲ್ಯ' ಪ್ರದರ್ಶನ ಈ ಪರಂಪರೆಯನ್ನು ಇಂದಿನ ಮನೆಗಳಿಗೆ ತಲುಪಿಸುತ್ತಿದೆ.

ಭಾರತದಿಂದ ಹೊರಟ ಚದುರಂಗ ಯುರೋಪಿನಲ್ಲಿ ಇನ್ನೊಂದು ತಿರುವು ಪಡೆಯಿತು. ಜರ್ಮನಿಯ ಹೆಲ್ವಿಗ್ ಎಂಬಾತ 1780ರಲ್ಲಿ ಅದರ ಮಣೆಯನ್ನು ಹಿಗ್ಗಿಸಿ ನದಿ, ಬೆಟ್ಟ, ಕೋಟೆಗಳನ್ನು ಸೇರಿಸಿದ. 1824ರ ಹೊತ್ತಿಗೆ ರೈಸ್ವಿಟ್ಸ್ ಎಂಬ ಪ್ರಷ್ಯನ್ ಅಧಿಕಾರಿ ನಿಜವಾದ ಭೂಪಟದ ಮೇಲೆ ಆಡುವ 'ಕ್ರೀಗ್‌ಸ್ಪೀಲ್' ಅನ್ನು ಸಿದ್ಧಪಡಿಸಿದ. ಸೈನ್ಯವೇ ಅದನ್ನು ತರಬೇತಿಗೆ ಬಳಸಿತು. ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ 'ಟ್ಯಾಕ್ಟಿಕ್ಸ್' ಹೊರತಂದು ಇದನ್ನು ಮನೆಮಂದಿಯ ಆಟ ಮಾಡಿದ. ಅವನು ಸ್ಥಾಪಿಸಿದ್ದ ಅವಲಾನ್ ಹಿಲ್ ಕಂಪನಿ 1964ರಲ್ಲಿ ಆಟಗಾರರಿಗಾಗಿಯೇ ಪತ್ರಿಕೆ ಶುರುಮಾಡಿತು. ಎದುರಾಳಿ ಬೇಕೆಂದು ಅದರಲ್ಲಿ ಜಾಹೀರಾತು ಕೊಟ್ಟು, ಒಂದೊಂದು ನಡೆಯನ್ನೂ ಅಂಚೆಯಲ್ಲಿ ಕಳುಹಿಸಿ ದೂರದ ಊರಿನವರೊಡನೆ ತಿಂಗಳುಗಟ್ಟಲೆ ಆಡುವುದು ರೂಢಿಯಾಯಿತು. 1980ರಲ್ಲಿ ಕಂಪ್ಯೂಟರಿನಲ್ಲೇ ಆಡುವ 'ಕಂಪ್ಯೂಟರ್ ಬಿಸ್ಮಾರ್ಕ್' ಬಂತು. ಅಂಚೆಯ ಜಾಗಕ್ಕೆ ಈಮೇಲ್ ಬಂದಾಗ ನಡೆಯ ಬದಲು ಆಟದ ಫೈಲನ್ನೇ ಕಳುಹಿಸುವ ಪದ್ಧತಿ ಬೆಳೆಯಿತು.

ಇಂದು ಆಟಗಾರರ ಇಂಟರ್‌ನೆಟ್ ಗುಂಪು ಸೇರಿದವನಿಗೆ ಮೊದಲು ಸಿಗುವುದು ಎದುರಾಳಿ, ಆಮೇಲೆ ಗುರುಗಳು. ಒಂದು ಆಟ ಮುಗಿದರೆ ಅದರ ಕತೆಯನ್ನು ದಂಡನಾಯಕನ ದಿನಚರಿಯಂತೆ ವಿವರವಾಗಿ ಬರೆದು ಎಲ್ಲರ ಮುಂದಿಡುವುದು ಅಲ್ಲಿಯ ಸಂಪ್ರದಾಯ. ಯಾವ ಸೇತುವೆಯನ್ನು ಯಾಕೆ ಬಿಟ್ಟುಕೊಟ್ಟೆ, ಮಳೆಗಾಲಕ್ಕೆ ಮುಂಚೆ ಯಾಕೆ ಹೊರಡಲಿಲ್ಲ ಎಂದು ಬರೆಯುವಾಗ ಆಟಗಾರ ಹಳೆಯ ಭೂಪಟ, ಸೈನ್ಯದ ದಾಖಲೆಗಳನ್ನು ಓದಲೇಬೇಕಾಗುತ್ತದೆ. ಹಣ ಕಟ್ಟಿ ಕಳೆದುಕೊಳ್ಳುವ ಆನ್‌ಲೈನ್ ಜೂಜಿಗೂ ಇದಕ್ಕೂ ಸಂಬಂಧವೇ ಇಲ್ಲ. ಆ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಅನ್ಯಾಯ.

ಆಟವನ್ನೇ ತಿದ್ದುವ ಶಕ್ತಿಯೂ ಈ ಗುಂಪುಗಳಿಗಿದೆ. 1999ರಲ್ಲಿ ಬಂದ 'ಏಜ್ ಆಫ್ ಎಂಪೈರ್ಸ್ 2' ಹಳತಾಗಿ ಮೂಲೆ ಸೇರಬೇಕಿತ್ತು. ಅಭಿಮಾನಿಗಳು ಸೇರಿ ಹೊಸ ನಾಡುಗಳನ್ನು ಜೋಡಿಸಿದ 'ಫರ್ಗಾಟನ್ ಎಂಪೈರ್ಸ್' ಎಂಬ ಸ್ವಂತ ಆವೃತ್ತಿ ಮಾಡಿದರು. 2013ರಲ್ಲಿ ಅದೇ ಅಧಿಕೃತ ವಿಸ್ತರಣೆಯಾಯಿತು, ಭಾರತೀಯರು ಆಟದೊಳಗೆ ಬಂದರು. 2022ರಲ್ಲಿ 'ಡೈನಾಸ್ಟೀಸ್ ಆಫ್ ಇಂಡಿಯಾ' ಬಂದಾಗ ದ್ರಾವಿಡರು, ಬಂಗಾಳಿಗಳು, ಗುರ್ಜರರು ಬೇರೆ ಬೇರೆ ಪಡೆಗಳಾದರು. ದ್ರಾವಿಡರ ಪಡೆಗೆ ಕೊಟ್ಟಿರುವ ವಿಶೇಷ ವಿದ್ಯೆ ಊಟ್ಜ್ ಉಕ್ಕು. ಅದನ್ನು ಪಡೆದವರ ಕತ್ತಿಯ ಮುಂದೆ ಶತ್ರುವಿನ ಕವಚ ನಿಲ್ಲುವುದಿಲ್ಲ.

ಆ ಉಕ್ಕು ಚನ್ನರಾಯನದುರ್ಗ, ಮಧುಗಿರಿಗಳ ಸುತ್ತಮುತ್ತ ತಯಾರಾಗುತ್ತಿತ್ತು. 1800ರಲ್ಲಿ ಈ ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಅದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಮಳೆಗಾಲದಲ್ಲಿ ಬೆಟ್ಟದ ಹಳ್ಳಗಳು ಹೊತ್ತು ತರುವ ಕಪ್ಪು ಮರಳನ್ನು ಸೋಸಿ, ಕುಲುಮೆಯಲ್ಲಿ ಕರಗಿಸಿ ಕಬ್ಬಿಣ ತೆಗೆಯುತ್ತಿದ್ದರು. ಆ ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ, ಹಸಿ ಎಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿಗೆ ಜೇಡಿ ಮೆತ್ತಿ, ಇದ್ದಿಲ ನಡುವೆ ಜೋಡಿಸಿ ತಿದಿ ಒತ್ತಿದರೆ ಒಳಗೆ ಉಕ್ಕು ಸಿದ್ಧ. ಪರದೆಯ ಮೇಲೆ ಒಂದು ಗುಂಡಿ ಒತ್ತಿ ಆ ವಿದ್ಯೆ ಪಡೆಯುವ ಕೊರಟಗೆರೆಯ ಹುಡುಗನಿಗೆ ಅದರ ಕುಲುಮೆ ತನ್ನ ತಾಲ್ಲೂಕಿನಲ್ಲಿತ್ತೆಂದು ಯಾರಾದರೂ ಹೇಳಬೇಕು.

ಬೇರೆ ಆಟಗಳಲ್ಲೂ ಕನ್ನಡ ನಾಡು ಇದೆ. 1444ರಿಂದ ಶುರುವಾಗುವ 'ಯೂರೋಪಾ ಯೂನಿವರ್ಸಾಲಿಸ್ 4'ರಲ್ಲಿ ವಿಜಯನಗರವನ್ನು ಆರಿಸಿಕೊಂಡು ಬಹಮನಿಗಳ ವಿರುದ್ಧ ಆಡಬಹುದು. 2009ರ 'ಎಂಪೈರ್: ಟೋಟಲ್ ವಾರ್' 1700ರಲ್ಲಿ ಆರಂಭವಾಗುತ್ತದೆ, ಮೊಗಲರು, ಮರಾಠರು, ಮೈಸೂರು ಮೂವರೂ ಅದರಲ್ಲಿದ್ದಾರೆ. ಅದೇ 1700ರಲ್ಲಿ ಶಿರಾ ಮೊಗಲ್ ಸುಬಾದ ರಾಜಧಾನಿ. ಆದರೆ ಖಂಡಗಳನ್ನೇ ಹಿಡಿದಿಡುವ ಇಂಥ ದೊಡ್ಡ ಭೂಪಟಗಳು ಒಂದು ಪಾಳೆಯಪಟ್ಟಿನ ಹೊಂಡ, ದಿಡ್ಡಿಬಾಗಿಲು, ಕಣಿವೆಯ ಕಾಲುದಾರಿಗಳವರೆಗೆ ಇಳಿಯುವುದಿಲ್ಲ. ಆ ಕೆಲಸವನ್ನು ಊರಿನ ಬಲ್ಲವರೇ ಮಾಡಬೇಕು. ಹೊಸ ಭೂಪಟ, ಹೊಸ ಸನ್ನಿವೇಶ ರಚಿಸುವ ಸಲಕರಣೆ ಹಲವು ಆಟಗಳೊಳಗೇ ಇದೆ.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಆಟಗಾರ ಹುಡುಗ ಹುಡುಗಿಯರಿಗೆ ಒಂದು ಕೋರಿಕೆ. ರಜೆಯ ದಿನ ಮಧುಗಿರಿಯನ್ನೋ ಪಾವಗಡವನ್ನೋ ಹತ್ತಿ ಬಾಗಿಲು, ಬುರುಜು, ನೀರಿನ ಹೊಂಡಗಳನ್ನು ಗುರುತು ಹಾಕಿಕೊಳ್ಳಿ. ಬಂಡೆಯ ಮೇಲೆ, ಮಂಟಪದ ನೆಲದಲ್ಲಿ ಹುಲಿ-ಕುರಿಯ ಗೆರೆ ಕಂಡರೆ ಫೋಟೊ ತೆಗೆದು ಜಾಗ ಬರೆದಿಡಿ. ಆಡಲು ಬಲ್ಲ ಹಿರಿಯರಿದ್ದರೆ ಅವರಿಂದ ನಿಯಮ ಕೇಳಿಕೊಳ್ಳಿ. ಆಮೇಲೆ 1767ರ ಮಧುಗಿರಿಯನ್ನು ನಿಮ್ಮ ಆಟದೊಳಗೆ ಕಟ್ಟಿ, ಕನ್ನಡದಲ್ಲಿ ವಿವರಣೆ ಬರೆದು, ಜಗತ್ತಿನ ಆಟಗಾರರನ್ನು ಮುತ್ತಿಗೆಗೆ ಕರೆಯಿರಿ.