ಬೀದಿಯಲ್ಲಿ ಒಂದು ಹೂಕುಂಡ: ಸೀವುಡ್ಸ್‌ನಲ್ಲಿ ಕಾರು ನಿಲ್ಲಿಸೋ ಜಾಗದ ಚರಿತ್ರೆ

ವಿಡಿಯೊ ನೋಡೋಕೆ ಪುರುಸೊತ್ತು ಸಿಗದವರಿಗಾಗಿ ಈ ಕಂತಿನ ಬರಹ ರೂಪ ಇಲ್ಲಿದೆ. ಮಾತಿನ ಭರದಲ್ಲಿ ಬಿಟ್ಟುಹೋದ ಕೆಲವು ಇಸವಿಗಳನ್ನು ಸೇರಿಸಿದ್ದೇನೆ.

ಮೊದಲು ನನ್ನ ತಪ್ಪು ಹೇಳ್ಕೊಂಡುಬಿಡ್ತೀನಿ. ಹೋದ ವರ್ಷ ನಮ್ಮ ಸೊಸೈಟಿಯಲ್ಲಿ ಪಾರ್ಕಿಂಗಿಗೆ ಚೀಟಿ ಎತ್ತಿದಾಗ ನನ್ನ ನಂಬರ್ ಬರಲಿಲ್ಲ. ಕಾರು ಬೀದಿಗೆ ಬಂತು. ನಮ್ಮ ಬೀದಿಯಲ್ಲಿ ‘ಸಮ-ವಿಷಮ’ ಬೋರ್ಡ್ ಇದೆ. ಠಾಣೆ, ಡೊಂಬಿವಲಿ, ಕಲ್ಯಾಣದ ಕಡೆ ಇರೋರಿಗೆ ಈ ಪಿ1, ಪಿ2 ಬೋರ್ಡು ಚೆನ್ನಾಗಿ ಗೊತ್ತು. ಬೆಸ ತಾರೀಕಿಗೆ ಒಂದು ಬದಿ, ಸಮ ತಾರೀಕಿಗೆ ಎದುರು ಬದಿ. ಅಂದರೆ ದಿನಾ ರಾತ್ರಿ ಊಟ ಆದ್ಮೇಲೆ ಕೆಳಗಿಳಿದು ಕಾರನ್ನು ರಸ್ತೆ ದಾಟಿಸಬೇಕು. 31ನೇ ತಾರೀಕೂ ಬೆಸ, ಮರುದಿನ 1ನೇ ತಾರೀಕೂ ಬೆಸ. ಆ ಒಂದು ರಾತ್ರಿ ಮಾತ್ರ ಬೇಗ ಮಲಗಬಹುದು. ಎಂಟೆಕ್ ಓದಿದ್ದಕ್ಕೆ ಇಷ್ಟು ಲೆಕ್ಕ ಸಾರ್ಥಕವಾಯ್ತು ನೋಡಿ.

ದಾಟಿಸೋದೇನೋ ಸರಿ, ಆ ಬದಿ ಜಾಗ ಖಾಲಿ ಇರಬೇಕಲ್ಲ? ಅದಕ್ಕೆ ನಾನೊಂದು ಉಪಾಯ ಮಾಡಿದೆ. ಸಂಜೆಯೇ ಎದುರು ಬದಿಯಲ್ಲಿ ಎರಡು ಇಟ್ಟಿಗೆ, ಒಂದು ಹೂಕುಂಡ ಇಟ್ಟುಬರೋದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಜಾಗಕ್ಕೆ ಲಾಕ್ ಹಾಕೋದು. ಒಂದು ದಿನ ದಾರಾವೆ ಗಾಂವ್‌ನ ಹಿರಿಯರೊಬ್ಬರು ಅಲ್ಲಿ ನಿಂತು ಕುಂಡ ನೋಡ್ತಾ ಇದ್ದರು. “ಕಾಕಾ, ಅದು ನನ್ನ ಜಾಗ” ಅಂದೆ. ಅವರು ನಕ್ಕು, “ಹೇ ಆಮ್ಚಂ ಭಾತ್‌ಶೇತ್ ಹೋತಂ” ಅಂದರು. ಇದು ನಮ್ಮ ಭತ್ತದ ಗದ್ದೆಯಾಗಿತ್ತು ಅಂತ. ಆಮೇಲೆ ಇನ್ನೊಂದು ಮಾತು ಸೇರಿಸಿದರು: ಆಗ ಅವರು ಬಂದು ಕಲ್ಲು ನೆಟ್ಟರು, ಈಗ ನೀನು ಕುಂಡ ಇಡ್ತಾ ಇದ್ದೀಯ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಕಂತು ಹುಟ್ಟಿದ್ದೇ ಅಲ್ಲಿಂದ.

ರೈಲಿಗಾಗಿ ಬರೆದ ಊರು

1965ರಲ್ಲಿ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಎಂಜಿನಿಯರ್ ಶಿರೀಷ್ ಪಟೇಲ್ ‘ಮಾರ್ಗ್’ ಪತ್ರಿಕೆಯಲ್ಲಿ ಒಂದು ಕಲ್ಪನೆ ಮುಂದಿಟ್ಟರು. ಮುಂಬಯಿ ಉತ್ತರಕ್ಕೆ ಉದ್ದುದ್ದ ಬೆಳೆಯೋದು ಬೇಡ, ಕೊಲ್ಲಿಯ ಆಚೆ ದಡದಲ್ಲಿ ಇನ್ನೊಂದು ಊರು ಕಟ್ಟೋಣ ಅಂತ. 1970ರ ಮಾರ್ಚ್‌ನಲ್ಲಿ ಸಿಡ್ಕೊ ಹುಟ್ಟಿತು. 344 ಚದರ ಕಿಲೋಮೀಟರ್, 95 ಹಳ್ಳಿಗಳು, ಗುರಿ 20 ಲಕ್ಷ ಜನ. ಆ ಯೋಜನೆಯ ಬೆನ್ನೆಲುಬು ಕಾರಲ್ಲ, ರೈಲು ಮತ್ತು ಬಸ್ಸು. ರೈಲು ದಾರಿಯುದ್ದಕ್ಕೂ ಒಂದೊಂದು ‘ನೋಡ್’. ನಿಲ್ದಾಣದಿಂದ ಮನೆಗೆ ನಡೆದು ಹೋಗಬೇಕು. ಅದು ಫಿಯೆಟ್, ಅಂಬಾಸಿಡರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಮನೆಗೊಂದು ಕಾರು ಬರುತ್ತದೆ ಅಂತ ಯಾರು ಅಂದುಕೊಂಡಾರು?

ಆದರೆ ರೈಲು ತಡವಾಯಿತು. ವಾಶಿ ಸೇತುವೆಯ ಮೇಲೆ 1973ರಲ್ಲೇ ವಾಹನಗಳು ಓಡಿದವು. ಲೋಕಲ್ ರೈಲು ಕೊಲ್ಲಿ ದಾಟಿದ್ದು 1992ರಲ್ಲಿ. ನಡುವೆ, 1983ರ ಡಿಸೆಂಬರ್‌ನಲ್ಲಿ, ಮಾರುತಿ 800 ಬಂದುಬಿಟ್ಟಿತ್ತು. ಮಧ್ಯಮ ವರ್ಗದ ಮನೆಗೆ ಕಾರು, ಈ ಊರಿಗೆ ರೈಲು ಬರೋ ಮುಂಚೆಯೇ ಬಂತು.

ಇದರ ಪರಿಣಾಮ ನೋಡಬೇಕಾದರೆ ಪಕ್ಕದ ಬೇಲಾಪುರಕ್ಕೆ ಹೋಗಿ. 1980ರ ದಶಕದಲ್ಲಿ ಕೊರಿಯಾ ಅಲ್ಲಿ ಕಟ್ಟಿಸಿದ ಆರ್ಟಿಸ್ಟ್ಸ್ ವಿಲೇಜ್‌ನಲ್ಲಿ ಏಳೇಳು ಮನೆಗಳಿಗೆ ಒಂದು ಅಂಗಳ. ಅಂಗಳದ ಅಳತೆ 8 ಮೀಟರ್ ಉದ್ದ, 8 ಮೀಟರ್ ಅಗಲ. ಮಕ್ಕಳು ಆಡಲಿ, ಅಕ್ಕಪಕ್ಕದವರು ಕೂತು ಮಾತಾಡಲಿ ಅಂತ. ಇಲ್ಲಿಯ ಕಟ್ಟಡ ನಿಯಮಗಳಲ್ಲಿ ದೊಡ್ಡ ಕಾರಿಗೆ ಗುರುತಿಸೋ ಜಾಗ 2.5 ಮೀಟರ್ ಅಗಲ, 5 ಮೀಟರ್ ಉದ್ದ, ಅಂದರೆ 12.5 ಚದರ ಮೀಟರ್. ಐದು ಕಾರು ನಿಂತರೆ 62.5. ಅಂಗಳ 64. ಏಳರಲ್ಲಿ ಐದು ಮನೆಯವರು ಕಾರು ತಂದರೆ ಅಂಗಳವೇ ಇಲ್ಲ.

ಹನ್ನೆರಡೂವರೆ

ಈ 12.5 ಅನ್ನೋ ಸಂಖ್ಯೆಗೆ ಇಲ್ಲಿ ಇನ್ನೊಂದು ಚರಿತ್ರೆ ಇದೆ. ಈ ಭಾಗದ ಆಗ್ರಿ, ಕೋಳಿ ಸಮುದಾಯದವರ ಬದುಕು ನಿಂತಿದ್ದು ಭತ್ತ, ಉಪ್ಪಿನ ಆಗರ ಮತ್ತು ಮೀನಿನ ಮೇಲೆ. ಊರು ಕಟ್ಟೋಕೆ ಸರ್ಕಾರ ಆ ಭೂಮಿಯನ್ನು ವಶಪಡಿಸಿಕೊಂಡಿತು. ನ್ಯಾಯವಾದ ಪರಿಹಾರ ಕೇಳಿ ದಿ. ಬಾ. ಪಾಟೀಲರ ಮುಂದಾಳತ್ವದಲ್ಲಿ ರೈತರು ಎದ್ದರು. 1984ರ ಜನವರಿ 16 ಮತ್ತು 17ರಂದು ಉರಣ್ ಬಳಿಯ ಜಾಸಯಿ ಭಾಗದಲ್ಲಿ ಪೊಲೀಸರು ಗುಂಡು ಹಾರಿಸಿದರು. ಐದು ಜನ ಸತ್ತರು. ಆ ಹೋರಾಟದ ಫಲವಾಗಿಯೇ ಬಂದದ್ದು ‘ಸಾಡೇ ಬಾರಾ ಟಕ್ಕೆ’ ಯೋಜನೆ. ಕಳೆದುಕೊಂಡ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ರೈತರಿಗೆ ವಾಪಸ್ ಕೊಡೋದು. ಅದರಲ್ಲೂ ಸಾರ್ವಜನಿಕ ಸೌಕರ್ಯಕ್ಕೆ ಅಂತ ಒಂದು ಪಾಲು ಕಡಿತ.

ಲೆಕ್ಕ ಹಾಕಿ ನೋಡಿ. 100 ಚದರ ಮೀಟರ್ ಗದ್ದೆ ಕೊಟ್ಟವರಿಗೆ ಕಾಗದದ ಮೇಲೆ ವಾಪಸ್ ಬಂದದ್ದು 12.5 ಚದರ ಮೀಟರ್. ಸರಿಯಾಗಿ ಒಂದು ಕಾರು ನಿಲ್ಲೋ ಜಾಗ. ನಾನು ಅಷ್ಟನ್ನು ಎರಡು ಇಟ್ಟಿಗೆ, ಒಂದು ಕುಂಡ ಇಟ್ಟು ಪುಕ್ಕಟೆಯಾಗಿ ತಗೊಂಡಿದ್ದೆ.

ಜಾಗ ಯಾರದ್ದು?

ಗೇಟಿನ ಒಳಗಿನ ಮಾತು ಮೊದಲು. 2010ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟಿತು. ಮುಂಬಯಿಯ ದಹಿಸರ್‌ನ ಪಾಂಚಾಲಿ ಸೊಸೈಟಿಯ ಪ್ರಕರಣ ಅದು. ಕಂಬಗಳ ನಡುವಿನ ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ, ಅದು ಎಲ್ಲರಿಗೂ ಸೇರಿದ್ದು ಅಂತ ಕೋರ್ಟ್ ಹೇಳಿತು. 2016ರ ರೇರಾ ಕಾನೂನು ತೆರೆದ ಪಾರ್ಕಿಂಗನ್ನೂ ಸಾಮಾನ್ಯ ಜಾಗದ ಲೆಕ್ಕಕ್ಕೆ ಸೇರಿಸಿತು. ಜಾಗ ಸಾಲದಿದ್ದರೆ ವರ್ಷಕ್ಕೊಮ್ಮೆ ಚೀಟಿ ಎತ್ತಬೇಕು ಅನ್ನೋದು ಸೊಸೈಟಿಗಳ ಮಾದರಿ ಬೈಲಾದಲ್ಲೇ ಇದೆ. ಅಂದರೆ ಚೀಟಿ ಬಂದವರೂ ಮಾಲೀಕರಲ್ಲ, ಒಂದು ವರ್ಷದ ಬಳಕೆದಾರರು ಅಷ್ಟೆ.

ಇನ್ನು ಬೀದಿ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನ ಪ್ರಕಾರ ಗಾಡಿ ಎಲ್ಲಿ, ಎಷ್ಟು ಹೊತ್ತು ನಿಲ್ಲಬಹುದು ಅಂತ ತೀರ್ಮಾನಿಸೋದು ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು, ಸ್ಥಳೀಯ ಸಂಸ್ಥೆಯನ್ನು ಕೇಳಿಕೊಂಡು. ಕುಂಡ ಇಟ್ಟವರ ಪ್ರಸ್ತಾಪವೇ ಅದರಲ್ಲಿಲ್ಲ!

2021ರ ಆಗಸ್ಟ್‌ನಲ್ಲಿ ನವಿ ಮುಂಬಯಿಯ ನಾಗರಿಕರೊಬ್ಬರ ಅರ್ಜಿ ಬಾಂಬೆ ಹೈಕೋರ್ಟಿಗೆ ಬಂತು. ಬಿಲ್ಡರ್‌ಗಳು ಕೊಡಬೇಕಾದ ಪಾರ್ಕಿಂಗ್ ಜಾಗವನ್ನು ಕಡಿಮೆ ಮಾಡಿದ ನಿಯಮದ ವಿರುದ್ಧದ ಅರ್ಜಿ. ಕೊಳ್ಳೋ ಶಕ್ತಿ ಇದೆ ಅಂತ ಒಂದೇ ಮನೆಗೆ ನಾಲ್ಕೈದು ಕಾರು ಬಿಡಬಾರದು, ನಿಲ್ಲಿಸೋಕೆ ಜಾಗ ಇದೆಯಾ ನೋಡಿ ಅಂತ ಆಗ ನ್ಯಾಯಪೀಠ ಹೇಳಿತು. 2025ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಸಾರಿಗೆ ಸಚಿವ ಪ್ರತಾಪ್ ಸರನಾಯಕ್, ಪಾರ್ಕಿಂಗ್ ಜಾಗದ ದಾಖಲೆ ಇಲ್ಲದೆ ಹೊಸ ಕಾರಿನ ನೋಂದಣಿ ಇಲ್ಲ ಅಂತ ಘೋಷಿಸಿದರು. ನಮಗೆ ಹೊಸದು ಅನ್ನಿಸುವ ಈ ವಿಚಾರ ಜಪಾನಿನಲ್ಲಿ 1962ರ ಕಾನೂನಿನಿಂದಲೇ ಶುರುವಾಗಿದೆ. ಅಲ್ಲಿ ಕಾರು ನೋಂದಾಯಿಸೋ ಮುಂಚೆ, ಮನೆಯ ಹತ್ತಿರ ಜಾಗ ಇದೆ ಅಂತ ಪೊಲೀಸರಿಂದ ಪ್ರಮಾಣಪತ್ರ ತರಬೇಕು. ಬೀದಿಯ ಜಾಗಕ್ಕೆ ಬೆಲೆ ಕಟ್ಟಿದ ಮೊದಲ ಮೀಟರ್ ಅದಕ್ಕಿಂತಲೂ ಹಳೆಯದು: 1935ರ ಜುಲೈ, ಅಮೆರಿಕದ ಒಕ್ಲಹೋಮ ಸಿಟಿ.

ಈಗ

ಕುಂಡ ಬಾಲ್ಕನಿಗೆ ವಾಪಸ್ ಬಂದಿದೆ. ಆಫೀಸಿಗೆ ರೈಲು ಹಿಡಿಯುತ್ತೇನೆ. ಈ ಊರನ್ನು ಬರೆದವರು ಬಯಸಿದ್ದೂ ಅದನ್ನೇ ತಾನೆ. ಈ ಸಲದ ಸೊಸೈಟಿ ಮಹಾಸಭೆಯಲ್ಲಿ ಎದ್ದುನಿಂತು, ಪ್ರತಿ ಮನೆಗೂ ಒಂದು ಜಾಗ ಸಿಗೋವರೆಗೆ ಯಾರಿಗೂ ಎರಡನೇ ಜಾಗ ಬೇಡ ಅಂತ ಠರಾವು ಮಂಡಿಸಿದೆ. ಪಾಸಾಯ್ತು. ಎರಡು ಕಾರಿನ ಮನೆಯವರು ಕೆಲವರು ಲಿಫ್ಟಿನಲ್ಲಿ ನನ್ನನ್ನು ಮಾತಾಡಿಸೋದು ಬಿಟ್ಟಿದ್ದಾರೆ. ಚೀಟಿಯಲ್ಲಿ ನನ್ನ ನಂಬರ್ ಈ ಸಲವೂ ಬರಲಿಲ್ಲ.

ಕಾಕಾ ಆಗಾಗ ಸಿಗುತ್ತಾರೆ. ನನ್ನ ಕಾರು ಬೀದಿಯಲ್ಲೇ ಇರೋದು ನೋಡಿ, “ಆಜ್ ಸಮ್ ಕೀ ವಿಷಮ್?” ಅಂತ ಕೇಳುತ್ತಾರೆ. ನಾನು ತಾರೀಕು ನೋಡಿ ಹೇಳುತ್ತೇನೆ.